ದಿನ ತುಂಬಿದ ಮೇಲೆ ಹೆರಿಗೆ ನೋವು ಬರಿಸಿಕೊಳ್ಳುವ ವಿಚಾರ

ಗರ್ಭಿಣಿಯಾದ ನಿಮ್ಮ ಪತ್ನಿಗೆ 40 ವಾರ 5 ದಿನಗಳಾಗಿದ್ದು, 41 ವಾರ ತುಂಬಿದ ಮೇಲೆ ಔಷಧ ಕೊಟ್ಟು ನೋವು ಬರಿಸೋಣವೆಂದು ಮಂಡ್ಯದ ವೈದ್ಯರು ಹೇಳುತ್ತಿರುವಾಗ, ತಾನಾಗಿ ಬರುವವರೆಗೆ ಕಾಯಿರಿ ಎನ್ನುವ ನಿಮ್ಮ ತಾಯಿಯವರ ಮಾತನ್ನು ಕೇಳಬೇಕೇ ಎಂದು ಕೇಳಿದ್ದೀರಿ. ವೈದ್ಯರ ಸಲಹೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೊದಲು ತಾಯಿ ಕಾರ್ಡ್ ತೆಗೆದು, ಹೆರಿಗೆಯ ದಿನಾಂಕವನ್ನು ಯಾವುದರಿಂದ ಲೆಕ್ಕ ಹಾಕಿದ್ದಾರೆಂದು ನೋಡಿ. ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಕೊಟ್ಟ ದಿನಾಂಕವನ್ನೇ ನಂಬಬೇಕು. ಕೊನೆಯ ತಿಂಗಳುಗಳ ಸ್ಕ್ಯಾನಿಂಗ್‌ನಲ್ಲಿ ವಾರಗಳ ವ್ಯತ್ಯಾಸ ಬರುತ್ತದೆ. ದಿನಾಂಕ ಖಚಿತವಾಗಿದ್ದು 41 ವಾರ ತುಂಬಿದ್ದರೆ ನೋವು ಬರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ಏಕೆಂದರೆ ಆ ಬಳಿಕ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ, ಒಟ್ಟಾರೆ ಸಣ್ಣದಾದರೂ, ದಿನೇದಿನೇ ಏರುತ್ತದೆ.

ನೋವು ಬರಿಸಿದರೆ ಸಿಸೇರಿಯನ್ ಖಂಡಿತ ಎಂಬ ಮಾತು ನಮ್ಮ ಕಡೆ ಬಹಳ ಬೇರೂರಿದೆ, ಆದರೆ 41 ವಾರದ ಹೊತ್ತಿಗೆ ಹೀಗೆ ಮಾಡಿದವರಲ್ಲಿ, ಕಾದವರಿಗಿಂತ ಸಿಸೇರಿಯನ್ ಹೆಚ್ಚಾಗಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಗರ್ಭಕಂಠ (ಗರ್ಭಕೋಶದ ಬಾಯಿ) ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಮೆದುವಾಗಿಸಲು ಜೆಲ್, ಮಾತ್ರೆ ಅಥವಾ ಬಲೂನ್ ಬಳಸಿ, ಆಮೇಲೆ ನೋವು ಬರಿಸುವ ಔಷಧದ ಡ್ರಿಪ್ ಹಾಕುತ್ತಾರೆ. ಇದಕ್ಕೆ ಒಂದೆರಡು ದಿನ ಹಿಡಿಯಬಹುದು, ಗಾಬರಿಯಾಗಬೇಡಿ. ಹಿಂದೆ ಸಿಸೇರಿಯನ್ ಆಗಿದ್ದರೆ ಮಾತ್ರ ಲೆಕ್ಕಾಚಾರವೇ ಬೇರೆ, ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ನೀವು ಹೋಗುವ ಆಸ್ಪತ್ರೆಯಲ್ಲಿ ರಾತ್ರಿಯಲ್ಲೂ ಶಸ್ತ್ರಚಿಕಿತ್ಸೆಯ ವ್ಯವಸ್ಥೆ ಇದೆಯೇ ಎಂದು ಈಗಲೇ ವಿಚಾರಿಸಿ. ಇಲ್ಲವಾದರೆ ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೋಗುವುದು ಒಳ್ಳೆಯದು.

ಈ ನಡುವೆ ಮಗುವಿನ ಮಿಸುಕಾಟ ಕಡಿಮೆಯಾದರೆ, ನೀರು ಒಡೆದರೆ ಅಥವಾ ರಕ್ತ ಕಂಡರೆ, ಯಾವ ದಿನಾಂಕಕ್ಕೂ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.