ಡುಪ್ಲೆಕ್ಸರ್ ಇದ್ದರೂ ರಿಸೀವರ್ ಕಿವುಡಾಗುತ್ತಿದೆಯಾ?

ನಿಮ್ಮ ಹ್ಯಾಮ್ ರಿಪೀಟರ್‌ನಲ್ಲಿ (ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಆಗಲೇ ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ರೇಡಿಯೋ) ಡುಪ್ಲೆಕ್ಸರ್, ಅಂದರೆ ಒಂದೇ ಆಂಟೆನಾವನ್ನು ಟ್ರಾನ್ಸ್‌ಮಿಟರ್, ರಿಸೀವರ್ ಎರಡಕ್ಕೂ ಹಂಚುವ ಫಿಲ್ಟರ್ ಇದ್ದರೂ, ಟ್ರಾನ್ಸ್‌ಮಿಟರ್ ಆನ್ ಆದ ಕೂಡಲೇ ದೂರದ ಸ್ಟೇಷನ್‌ಗಳು ಗೊರಗೊರ ಅಂತ ಮುಳುಗಿಹೋಗುತ್ತವೆ ಅಂದಿದ್ದೀರಿ. ಇದು ಡಿಸೆನ್ಸ್, ಅಂದರೆ ನಮ್ಮದೇ ಟ್ರಾನ್ಸ್‌ಮಿಟರ್‌ನಿಂದ ರಿಸೀವರ್‌ನ ಸೂಕ್ಷ್ಮತೆ ಕುಗ್ಗುವುದು. 2 ಮೀಟರ್ ಬ್ಯಾಂಡಿನಲ್ಲಿ (144 ಮೆಗಾಹರ್ಟ್ಸ್‌ನಿಂದ ಶುರುವಾಗುವ ಹ್ಯಾಮ್ ಬ್ಯಾಂಡ್) ಕಳಿಸುವ ಮತ್ತು ಕೇಳುವ ಫ್ರೀಕ್ವೆನ್ಸಿಗಳ ನಡುವೆ ಸಾಮಾನ್ಯವಾಗಿ ಬರೀ 600 ಕಿಲೋಹರ್ಟ್ಸ್ ಅಂತರ, ಅದಕ್ಕೇ ಇಷ್ಟು ಕಾಟ.

ಸುಮ್ನೆ ಡುಪ್ಲೆಕ್ಸರ್ ಸ್ಕ್ರೂ ತಿರುಗಿಸಬೇಡಿ! ಮೊದಲು ಆಂಟೆನಾ ಬಿಚ್ಚಿ ಆ ಜಾಗಕ್ಕೆ ಡಮ್ಮಿ ಲೋಡ್ (ಸಿಗ್ನಲನ್ನು ಹೊರಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ, ಕಪ್ಲರ್ (ಲೈನಿಗೆ ಚೂರು ಸಿಗ್ನಲ್ ಸೇರಿಸುವ ಸಾಧನ) ಮೂಲಕ ರಿಸೀವರ್‌ಗೆ ಸಣ್ಣ ಸಿಗ್ನಲ್ ಕೊಟ್ಟು, ಟ್ರಾನ್ಸ್‌ಮಿಟರ್ ಆನ್ ಆಫ್ ಮಾಡಿ ನೋಡಿ. ತೊಂದರೆ ಮಾಯವಾದರೆ ತಪ್ಪು ಆಂಟೆನಾ, ಅದರ ಕೇಬಲ್ ಅಥವಾ ತುಕ್ಕು ಹಿಡಿದ ಕನೆಕ್ಟರ್‌ನದು. ಹಾಗೇ ಉಳಿದರೆ ಡುಪ್ಲೆಕ್ಸರ್ ಟ್ಯೂನಿಂಗ್ ನೋಡಿ, ಪೆಟ್ಟಿಗೆಗಳನ್ನು ಜೋಡಿಸುವ ಚಿಕ್ಕ ಜಂಪರ್ ಕೇಬಲ್‌ಗಳನ್ನೂ ಬಿಡಬೇಡಿ. ನನ್ನದರಲ್ಲಿ ಕಳ್ಳ ಅಲ್ಲೇ ಇದ್ದ. ಹೊರಕವಚಕ್ಕೆ ಒಂದೇ ಪದರದ ತಂತಿ ಹೆಣಿಗೆ ಇರುವ ಕೇಬಲ್‌ನಿಂದ ಸಿಗ್ನಲ್ ಸೋರುತ್ತದೆ, ಎರಡು ಪದರದ ಬೆಳ್ಳಿ ಲೇಪದ್ದು ಹಾಕಿ. ಫಾಯಿಲ್ ಮತ್ತು ಹೆಣಿಗೆ ಎರಡೂ ಇರುವ ಕೇಬಲ್ ಬೇಡವೇ ಬೇಡ, ಅಲುಗಾಡಿದರೆ ರಿಸೀವರ್‌ನಲ್ಲಿ ಕರಕರ ಸದ್ದು ಜಾಸ್ತಿ.