ಟೆಸ್ಟ್ ಟ್ಯೂಬ್ ಮುಟ್ಟದ ರಸಾಯನ ವಿಜ್ಞಾನಿಗೆ ಪ್ರಶಸ್ತಿ ಯಾಕೆ?

ಹೊಸ ಔಷಧ ಕಂಡುಹಿಡಿದಿಲ್ಲ, ಹೊಸ ವಸ್ತು ಮಾಡಿಲ್ಲ, ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಮಾಡಿದವರಿಗೆ ರಸಾಯನಶಾಸ್ತ್ರದ ಪ್ರಶಸ್ತಿ ಯಾಕೆ ಅಂತ ಕೇಳಿದ್ದೀರಿ. ಕೆಲವು ವರ್ಷ ಇದೇ ಲೆಕ್ಕಗಳ ಜೊತೆ ಗುದ್ದಾಡಿದವನು ನಾನು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು.

ಮೆಥಿಲೀನ್ ಅಂತ ಒಂದು ಪುಟ್ಟ ಅಣು ಇದೆ. ಒಂದು ಕಾರ್ಬನ್, ಎರಡು ಹೈಡ್ರೋಜನ್, ಅಷ್ಟೇ. ಅದು ನೆಟ್ಟಗಿದೆಯೋ, ಬಾಗಿದೆಯೋ? ಅಣುಗಳ ರೋಹಿತ, ಅಂದರೆ ಅವು ಹೀರುವ ಅಥವಾ ಸೂಸುವ ಬೆಳಕಿನ ಬಣ್ಣಪಟ್ಟಿ, ಓದುವುದರಲ್ಲಿ ಎತ್ತಿದ ಕೈ ಆಗಿದ್ದ ಗೆರ್ಹಾರ್ಡ್ ಹರ್ಜ್‌ಬರ್ಗ್, ಪ್ರಯೋಗ ಮಾಡಿ ನೆಟ್ಟಗಿದೆ ಅಂದರು. ಅದೇ ಆಸುಪಾಸಿನಲ್ಲಿ, 1960ರಲ್ಲಿ, ಫಾಸ್ಟರ್ ಮತ್ತು ಬಾಯ್ಸ್ ಲೆಕ್ಕ ಹಾಕಿ ಕೋನ 129 ಡಿಗ್ರಿ ಅಂದರು. ಯಾರ ಮಾತಿಗೆ ತೂಕ ಜಾಸ್ತಿ ಅಂತ ಹೇಳಬೇಕಿಲ್ಲ, ಅಲ್ವಾ? 1970ರಲ್ಲಿ ಬೆಂಡರ್ ಮತ್ತು ಷೇಫರ್ ಇನ್ನೂ ನಿಖರವಾಗಿ ಲೆಕ್ಕ ಮಾಡಿದರು. ಉತ್ತರ ಸುಮಾರು 135 ಡಿಗ್ರಿ. ಅದೇ ಹೊತ್ತಿಗೆ ಬೇರೆ ಬಗೆಯ ಪ್ರಯೋಗಗಳೂ ಬಾಗಿದೆ ಅಂದವು. ಹರ್ಜ್‌ಬರ್ಗ್ ತಮ್ಮ ರೋಹಿತಗಳನ್ನು ಮತ್ತೆ ನೋಡಿ, ತಿದ್ದಿಕೊಂಡರು. ದೊಡ್ಡ ಮನುಷ್ಯ.

ಹೀಗೆ ಪ್ರಯೋಗವನ್ನೇ ಮರುಪರಿಶೀಲಿಸುವಂತೆ ಮಾಡುವುದು ಒಂದು ಸಾಧನೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು, ಲೆಕ್ಕ ಮಾಡುವ ದಾರಿಯನ್ನೇ ಹಾಕಿಕೊಡುವುದು. ಬೆಂಜೀನ್‌ನಲ್ಲಿ 42 ಎಲೆಕ್ಟ್ರಾನ್. ಪ್ರತಿಯೊಂದರ ಸ್ಥಾನಕ್ಕೆ ಮೂರು ಸಂಖ್ಯೆ, ಅಂದರೆ ಒಟ್ಟು 126. ಅಷ್ಟನ್ನೂ ಒಟ್ಟಿಗೆ ಹಿಡಿದು ಸಮೀಕರಣ ಬಿಡಿಸುವುದು ಆಗದ ಮಾತು. ಎಲೆಕ್ಟ್ರಾನ್‌ಗಳು ಎಲ್ಲಿ ಎಷ್ಟು ದಟ್ಟವಾಗಿವೆ ಅನ್ನುವುದೊಂದು ಗೊತ್ತಾದರೆ ಸಾಕು, ಅದಕ್ಕೆ ಮೂರೇ ಸಂಖ್ಯೆ ಅಂತ 1964ರಲ್ಲಿ ಹೋಹೆನ್‌ಬರ್ಗ್ ಮತ್ತು ವಾಲ್ಟರ್ ಕೋನ್ ತೋರಿಸಿದರು. 1998ರ ರಸಾಯನಶಾಸ್ತ್ರದ ನೊಬೆಲ್ ಕೋನ್‌ಗೆ ಬಂತು, ಜಾನ್ ಪೋಪಲ್ ಜೊತೆ ಹಂಚಿಕೊಂಡರು. ತಮಾಷೆ ಅಂದರೆ ಕೋನ್ ಭೌತವಿಜ್ಞಾನಿ, ಪೋಪಲ್ ಓದಿದ್ದು ಗಣಿತ! ಪೋಪಲ್ ತಂಡದ ಗೌಸಿಯನ್ 70 ಪ್ರೋಗ್ರಾಂನಿಂದಾಗಿ ಈ ಲೆಕ್ಕಗಳು ಬೇರೆಯವರ ಕೈಗೂ ಸಿಕ್ಕವು.

ನನ್ನಂಥವರು ಅದರ ಫಲ ಉಂಡವರು. ಒಮ್ಮೆ ಮೂರು ದಿನ ಓಡಿದ ಲೆಕ್ಕ, ಕೊನೆಗೆ ಒಂದು ಕಂಪನದ ಮುಂದೆ ಮೈನಸ್ ಚಿಹ್ನೆ ತೋರಿಸಿತು. ಅಂದರೆ ನಾನು ಶಕ್ತಿಯ ಕಣಿವೆ (ಶಕ್ತಿ ಕಡಿಮೆಯಾಗಿ ಅಣು ನೆಲೆ ನಿಲ್ಲುವ ಆಕಾರ) ಅಂದುಕೊಂಡಿದ್ದು ಕಣಿವೆಯೇ ಅಲ್ಲ, ಅಣು ಅಲ್ಲಿ ನಿಲ್ಲುವುದಿಲ್ಲ. ತಲೆ ಚಚ್ಚಿಕೊಂಡು ಮತ್ತೆ ಶುರು ಮಾಡಿದೆ. ತಪ್ಪನ್ನೂ ಹೀಗೆ ಹಿಡಿದುಕೊಡುವ ವಿಧಾನ ಯಾರೋ ಕೂತು ಕಟ್ಟಿದ್ದು.

ಇಂಥ ವಿಜ್ಞಾನಿಯ ಕೆಲಸವನ್ನು, ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಮಾಡಿದ ಉಲ್ಲೇಖಗಳ ಸಂಖ್ಯೆ ನೋಡಿ ಮಾತ್ರ ಅಳೆಯಬೇಡಿ. ಜನಪ್ರಿಯ ಪ್ರೋಗ್ರಾಂ ಬಳಸಿದವರೆಲ್ಲ ಅದೇ ಪ್ರಬಂಧವನ್ನು ಉಲ್ಲೇಖಿಸುತ್ತಾರೆ. ಪ್ರಶಸ್ತಿ ಪತ್ರದಲ್ಲಿ ಯಾವ ವಿಧಾನದ ಹೆಸರಿದೆ ನೋಡಿ. ಅದು ಬರುವ ಮೊದಲು ಯಾವ ಅಣುವಿನ ಲೆಕ್ಕ ಆಗುತ್ತಿರಲಿಲ್ಲ ಅಂತ ಹುಡುಕಿ.