ಮೋರಸ್ ಆಲ್ಬಾ ಅಂತ ಬರೆದಿರೋದು ಸರಿನೇ ಇದೆ

ಅಣ್ಣಾ, ನರ್ಸರಿಯವ್ರು ತಪ್ಪು ಬರೆದಿಲ್ಲ. ಶ್ರೀಗಂಧದ ಸಸಿ ಚೀಟೀಲಿ ಸ್ಯಾಂಟಲಮ್ ಆಲ್ಬಮ್ ಅಂತಿದೆ, ಹಿಪ್ಪುನೇರಳೆಗೆ ಮೋರಸ್ ಆಲ್ಬಾ ಅಂತಿದೆ, ಆಲ್ಬಸ್ ಆಗ್ಬೇಕಿತ್ತಲ್ವಾ ಅಂತ ಕೇಳಿದ್ರಲ್ಲ, ಎರಡೂ ಸರಿನೇ.

ಮೂಲ ಪದ ಒಂದೇ, ಲ್ಯಾಟಿನ್‌ನ ಆಲ್ಬಸ್, ಅಂದ್ರೆ ಬಿಳಿ. ಅದೂ ಸುಣ್ಣ ಬಳಿದ ಗೋಡೆ ಥರ ಹೊಳಪಿಲ್ಲದ ಬಿಳಿ, ಫಳಫಳ ಅನ್ನೋ ಬಿಳಿಗೆ ಅವ್ರು ಕ್ಯಾಂಡಿಡಸ್ ಅಂತಿದ್ರು. ರೋಮ್‌ನಲ್ಲಿ ಎಲೆಕ್ಷನ್‌ಗೆ ನಿಲ್ಲೋರು ಬೆಳ್ಳಗೆ ಮಾಡಿದ ನಿಲುವಂಗಿ ಹಾಕ್ಕೊಂಡು ಓಟು ಕೇಳ್ತಿದ್ರು, ಕ್ಯಾಂಡಿಡೇಟ್ ಅನ್ನೋ ಮಾತು ಬಂದಿದ್ದೇ ಅಲ್ಲಿಂದ. ಚರ್ಮದ ಮೇಲಿನ ಬಿಳಿ ಮಚ್ಚೆಗೆ ಗ್ರೀಕರು ಹೇಳೋ ಆಲ್ಫೋಸ್ ಕೂಡ ಆಲ್ಬಸ್‌ನ ದಾಯಾದಿನೇ. ನಮ್ಮ ಮದುವೆ ಆಲ್ಬಮ್ಮೂ ಅಷ್ಟೇ, ಸರ್ಕಾರಿ ನೋಟಿಸ್ ಬರೆಯೋಕೆ ರೋಮಿನವ್ರು ಇಡ್ತಿದ್ದ ಬಿಳಿ ಬಳಿದ ಹಲಗೆ ಹೆಸರು ಅದು.

ಕನ್ನಡದಲ್ಲಿ ಬಿಳಿ ಎತ್ತು, ಬಿಳಿ ಹಸು, ಬಿಳಿ ಬಟ್ಟೆ, ಎಲ್ಲಾದಕ್ಕೂ ಒಂದೇ ಬಿಳಿ. ಲ್ಯಾಟಿನ್ ಸಂಸ್ಕೃತದ ಥರ, ಶ್ವೇತಃ, ಶ್ವೇತಾ, ಶ್ವೇತಮ್ ಇದ್ದಂಗೆ ಅಲ್ಲಿ ಆಲ್ಬಸ್, ಆಲ್ಬಾ, ಆಲ್ಬಮ್, ಪುಲ್ಲಿಂಗ ಸ್ತ್ರೀಲಿಂಗ ನಪುಂಸಕಲಿಂಗ. ಸ್ಯಾಂಟಲಮ್ ನಪುಂಸಕಲಿಂಗ, ಹಂಗಾಗಿ ಆಲ್ಬಮ್. ಕಾಳುಮೆಣಸು ಪೈಪರ್ ನೈಗ್ರಮ್ ಆಗಿದ್ದೂ, ಕಪ್ಪು ಸಾಸಿವೆ ಬ್ರಾಸಿಕಾ ನೈಗ್ರಾ ಆಗಿದ್ದೂ ಇದೇ ಲೆಕ್ಕ. ವಿಭಕ್ತಿ ಪೂರ್ತಿ ಬಾಯಿಪಾಠ ಮಾಡೋದು ಬೇಡ, ಗಿಡದ ಹೆಸರಿಗೆ ಪ್ರಥಮಾ ಸಾಕು. ಔಷಧಿ ಪಟ್ಟೀಲಿ ಮಾತ್ರ ಸ್ಯಾಂಟಲಿ ಆಲ್ಬಿ ಲಿಗ್ನಮ್ ಅಂತ ಕಂಡ್ರೆ ಅದು ಷಷ್ಠಿ, ಬಿಳಿ ಗಂಧದ ಕಟ್ಟಿಗೆ ಅಂತ.

ಈಗ ನಿಮ್ಮ ಮೋರಸ್ ವಿಷ್ಯ. ಬಾಲ ನೋಡಿದ್ರೆ ಗಂಡು, ಆದ್ರೆ ರೋಮಿನವ್ರಿಗೆ ಮರ ಅಂದ್ರೆ ಸಾಮಾನ್ಯವಾಗಿ ಹೆಣ್ಣು, ಹೆಸರು ಅಸ್ ಅಂತ ಮುಗಿದ್ರೂ ಸರಿ. ಅದಕ್ಕೇ ಮೋರಸ್ ಆಲ್ಬಾ, ಅರಳಿ ಮರ ಫೈಕಸ್ ರಿಲಿಜಿಯೋಸಾ, ಹುಣಸೆ ಟ್ಯಾಮರಿಂಡಸ್ ಇಂಡಿಕಾ. ಹಂಗಂತ ಎಲ್ಲಾ ಮರಕ್ಕೂ ಇದೇ ಹಾಕ್ಬಿಟ್ರೆ ಹಲಸಿನ ಹತ್ರ ಸಿಕ್ಕಾಕ್ಕೊಳ್ತೀರಿ, ಯಾಕಂದ್ರೆ ಅದು ಆರ್ಟೋಕಾರ್ಪಸ್ ಹೆಟೆರೋಫಿಲ್ಲಸ್. ಕಾರ್ಪಸ್ ಗ್ರೀಕ್‌ನಿಂದ ಬಂದಿದ್ದು, ಹಣ್ಣು ಅಂತ ಅರ್ಥ, ಅಲ್ಲಿ ಅದು ಪುಲ್ಲಿಂಗ, ರಕ್ತಚಂದನದ ಟೆರೋಕಾರ್ಪಸ್ ಸ್ಯಾಂಟಲಿನಸ್ಸೂ ಹಂಗೇ.

ಇನ್ನು ನಿಮ್ಮ ಗಿಡದ ಹಣ್ಣು ಕಪ್ಪಗಾಗುತ್ತೆ, ಆಲ್ಬಾ ಹೆಂಗಾಯ್ತು ಅಂದ್ರಲ್ಲ, ಆಲ್ಬಾದಲ್ಲಿ ಬಿಳಿ, ಗುಲಾಬಿ, ಕಪ್ಪು ಮೂರೂ ಬಣ್ಣದ ಹಣ್ಣು ಬರ್ತವೆ. ಮೋರಸ್ ನೈಗ್ರಾ ಅನ್ನೋದು ಬೇರೆ ಜಾತಿನೇ, ಕಪ್ಪು ಹಣ್ಣು ನೋಡಿ ಚೀಟಿ ಬದಲಾಯಿಸ್ಬೇಡಿ.